ನೆಲ ಹೊರುವ ಭಾರ: ಕೊಬ್ಬರಿಯ ಅಟ್ಟದಿಂದ ದತ್ತಾಂಶ ಕೇಂದ್ರದವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕಟ್ಟಡಕ್ಕೂ ಅದು ಹೊರುವ ಭಾರಕ್ಕೂ ಇರುವ ಸಂಬಂಧವನ್ನು ಅರಿಯಲು ಅಟ್ಟವೊಂದನ್ನು ನೋಡಿದರೆ ಸಾಕು. ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಇರಿಸುವರು. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ.

ಈ ರಾಶಿಯ ಭಾರವೆಷ್ಟು? ಕಾಯಿಯ ವ್ಯಾಸ 20 ಸೆಂಟಿಮೀಟರ್, ತೂಕ 1.2 ಕಿಲೋಗ್ರಾಂ, ರಾಶಿಯ ಗಾತ್ರದಲ್ಲಿ ಹತ್ತಕ್ಕೆ ನಾಲ್ಕು ಪಾಲು ಬರಿಯ ಸಂದು ಎಂದು ಭಾವಿಸೋಣ. ಘನ ಮೀಟರಿಗೆ ಸುಮಾರು 143 ಕಾಯಿಗಳು, ಎಂದರೆ 172 ಕಿಲೋಗ್ರಾಂ ಆಗುತ್ತವೆ. ರಾಶಿ ಒಂದೂವರೆ ಮೀಟರ್ ಎತ್ತರವಿದ್ದರೆ ಚದರ ಮೀಟರಿಗೆ ಸುಮಾರು 2.5 ಕಿಲೋನ್ಯೂಟನ್ ಭಾರ ಬೀಳುತ್ತದೆ. ಭಾರತೀಯ ಮಾನಕ ಐ.ಎಸ್. 875ರ ಎರಡನೆಯ ಭಾಗವು (1987) ವಾಸದ ಕೋಣೆಗೆ ವಿಧಿಸಿರುವುದು 2 ಕಿಲೋನ್ಯೂಟನ್ ಮಾತ್ರ. ಆದುದರಿಂದ ವಾಸಕ್ಕೆಂದು ಕಟ್ಟಿದ ಮಹಡಿಯನ್ನು ವಿಚಾರಿಸದೆ ಕಾಯಿಯ ಉಗ್ರಾಣವನ್ನಾಗಿ ಮಾಡುವುದು ತರವಲ್ಲ.

ಇದೇ ತತ್ತ್ವವು ದತ್ತಾಂಶ ಕೇಂದ್ರಕ್ಕೂ ಅನ್ವಯಿಸುತ್ತದೆ; ಅಂಕಿಗಳು ಮಾತ್ರ ದೊಡ್ಡವು. ಅದೇ ಮಾನಕವು ಗಣಕಯಂತ್ರದ ಕೊಠಡಿಗೆ 3.5 ಕಿಲೋನ್ಯೂಟನ್ ಎಂದೂ ಸಾಮಾನ್ಯ ಉಗ್ರಾಣಕ್ಕೆ ಕನಿಷ್ಠ 7.5 ಎಂದೂ ಹೇಳುತ್ತದೆ. ಆದರೆ ಇಂದು ಸರ್ವರುಗಳನ್ನು ತುಂಬಿದ ಬೀರುವೊಂದು 1,000 ಕಿಲೋಗ್ರಾಂ ತೂಗಬಹುದು. ಅದು 0.6 ಮೀಟರ್ ಅಗಲ, 1.2 ಮೀಟರ್ ಆಳವಿದ್ದರೆ, ನಿಂತ ಜಾಗದಲ್ಲಿ ಚದರ ಮೀಟರಿಗೆ 13.6 ಕಿಲೋನ್ಯೂಟನ್ ಆಯಿತು. ಮುಂದಿನ ಅಷ್ಟೇ ಅಗಲದ ಓಡಾಟದ ಹಾದಿಯನ್ನು ಸೇರಿಸಿ ಹಂಚಿದರೂ 6.8 ಉಳಿಯುತ್ತದೆ. ಅಮೆರಿಕದ ಟಿ.ಐ.ಎ. 942 ಮಾನಕವು 2005ರಲ್ಲಿಯೇ ಕನಿಷ್ಠ 7.2, ಅಪೇಕ್ಷಣೀಯವಾಗಿ 12 ಕಿಲೋನ್ಯೂಟನ್ ಎಂದುದು ಈ ಕಾರಣದಿಂದಲೇ. ಇದಲ್ಲದೆ ಬೀರುವಿನ ಭಾರವು ನಾಲ್ಕು ಕಾಲುಗಳಲ್ಲಿ ಇಳಿಯುವುದರಿಂದ ಬಿಂದುಭಾರವನ್ನೂ, ಬೀರುಗಳನ್ನು ಉರುಳಿಸಿ ತರುವ ದಾರಿಯನ್ನೂ, ವಿದ್ಯುತ್ಕೋಶಗಳ ಕೋಣೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಭೂಕಂಪದ ಲೆಕ್ಕದಲ್ಲಿಯೂ ಈ ಭೇದವುಂಟು. ಐ.ಎಸ್. 1893ರ 2016ರ ಆವೃತ್ತಿಯಂತೆ ಹೊರಭಾರ 3 ಕಿಲೋನ್ಯೂಟನ್‌ವರೆಗಿದ್ದರೆ ಅದರ ಕಾಲುಪಾಲನ್ನೂ, ಮೀರಿದರೆ ಅರ್ಧವನ್ನೂ ಕಟ್ಟಡದ ತೂಕಕ್ಕೆ ಸೇರಿಸಬೇಕು.

ಎರಡಕ್ಕೂ ಒಂದು ಸಾಮ್ಯವಿದೆ. ಗಾಳಿಯಾಡಲೆಂದು ಅಟ್ಟದ ಹಾಸಿನಲ್ಲಿ ಸಂದು ಬಿಡುವಂತೆ, ಅನೇಕ ದತ್ತಾಂಶ ಕೇಂದ್ರಗಳಲ್ಲಿ ಎತ್ತರಿಸಿದ ನೆಲದ ರಂಧ್ರಗಳ ಮೂಲಕ ತಂಪುಗಾಳಿಯನ್ನು ಹಾಯಿಸುವರು. ಒಂದು ವ್ಯತ್ಯಾಸವೂ ಇದೆ. ಕಾಯಿ ಒಣಗಿದಂತೆ ಅಟ್ಟ ಹಗುರಾಗುತ್ತದೆ. ಏರಿಸಿದ ದಿನದ ಭಾರವೇ ಅದರ ಪರಮಾವಧಿ. ದತ್ತಾಂಶ ಕೇಂದ್ರದಲ್ಲಾದರೋ ಹೊಸ ಯಂತ್ರಗಳು ಬಂದಂತೆಲ್ಲ ಭಾರ ಏರುತ್ತಲೇ ಹೋಗಬಹುದು. ಆದಕಾರಣ ಅಲ್ಲಿ ಮೊದಲ ದಿನದ ತೂಕಕ್ಕೆ ತೊಲೆಯನ್ನು ಅಳೆದರೆ ಸಾಲದು.

ನಮ್ಮ ಕಾಲೇಜುಗಳಲ್ಲಿ ಪಾಠದ ಕೊಠಡಿಯನ್ನು ಸರ್ವರ್ ಕೊಠಡಿಯಾಗಿ ಮಾರ್ಪಡಿಸುವ ಮುನ್ನ ಮೂಲ ನಕ್ಷೆಯಲ್ಲಿ ಯಾವ ಭಾರವನ್ನು ಹಿಡಿದಿದೆ ಎಂಬುದನ್ನು ನೋಡತಕ್ಕದ್ದು. ನಕ್ಷೆ ದೊರೆಯದಿದ್ದಲ್ಲಿ ಭಾರದ ಬೀರುಗಳನ್ನು ಮಹಡಿಗೆ ಏರಿಸದೆ, ಭೂಮಿಯ ಮೇಲೆಯೇ ಹಾಸಿದ ಕೆಳನೆಲದಲ್ಲಿ ಇರಿಸುವುದು ಕ್ಷೇಮ.