ಏದುಸಿರು ವಯಸ್ಸಿನದೋ, ರೋಗದ್ದೋ?

“ವಯಸ್ಸಾಯಿತು, ದಮ್ಮು ಬಾರದೆ ಇರುತ್ತದೆಯೇ?” ಹಾಸನ ಸೀಮೆಯ ಮನೆಗಳಲ್ಲಿ ಈ ಮಾತು ಹೊಸದಲ್ಲ. ಅರಕಲಗೂಡು, ಹೊಳೆನರಸೀಪುರದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ ಉರಿಸಿದವರು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ತೆಂಗಿನ ಗರಿ, ಮಟ್ಟೆಗಳನ್ನು ಒಲೆಗಿಟ್ಟು ಅಡುಗೆ ಮಾಡಿದ ತಾಯಂದಿರು ಇದರಿಂದಲೇ ಸಮಾಧಾನ ತಂದುಕೊಳ್ಳುತ್ತಾರೆ. ಬೀಡಿ ಮುಟ್ಟದ ಹೆಂಗಸಿಗೆ ಶ್ವಾಸಕೋಶದ ರೋಗವೇ ಎಂದು ಅಚ್ಚರಿಪಡುವವರೂ ಉಂಟು.

ಮೈಸೂರು, ನಂಜನಗೂಡು ಕಡೆಯ ಗ್ರಾಮೀಣ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಲೆಕ್ಕ ಕೊಟ್ಟಿದೆ. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ 60 ಮುಟ್ಟಿದರೆ, ಕೆಮ್ಮು ಕಫಗಳ ದೀರ್ಘಕಾಲದ ವ್ಯಾಧಿಯ ಸಂಭವ ಗಣನೀಯವಾಗಿ ಏರುತ್ತದೆ. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತೇ ವರ್ಷ!

ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ರೋಗವನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯು ನಿರೀಕ್ಷಿತ ಪ್ರಮಾಣದ ಶೇ. 50ಕ್ಕಿಂತ ಕಡಿಮೆಯಾದರೆ ರೋಗ ತೀವ್ರ, 30ಕ್ಕಿಂತ ಕಡಿಮೆಯಾದರೆ ಅತಿ ತೀವ್ರ.

ಆದರೆ ಯಂತ್ರದ ಈ ಒಂದು ಅಂಕಿಯಿಂದ ರೋಗಿಯ ಮುಂದಿನ ದಿನಗಳನ್ನು ಅಳೆಯಲಾಗದು. 2004ರಲ್ಲಿ ಪ್ರಕಟವಾದ ‘ಬೋಡ್’ ಸೂಚ್ಯಂಕವು ಮೈತೂಕ, ಗಾಳಿಯ ತಡೆ, ಏದುಸಿರು, ಆರು ನಿಮಿಷದಲ್ಲಿ ನಡೆದ ದೂರ ಇವು ನಾಲ್ಕನ್ನೂ ಒಟ್ಟಿಗೆ ತೂಗುತ್ತದೆ. ಅಂಕ 0ಯಿಂದ 10. ಏರಿದಷ್ಟೂ ಅಪಾಯ ಹೆಚ್ಚು. ಇವುಗಳಲ್ಲಿ ಮೂರಕ್ಕೆ ದುಬಾರಿ ಯಂತ್ರವೇ ಬೇಡವೆಂಬುದು ಗಮನಾರ್ಹ.

ಏದುಸಿರನ್ನೇ ನೋಡೋಣ. ಏರುದಾರಿಯಲ್ಲಿ ಮಾತ್ರ ದಮ್ಮು ಬರುವುದು ಒಂದು ಹಂತ. ಸಮನೆಲದಲ್ಲಿಯೂ ಓರಗೆಯವರಿಗಿಂತ ಹಿಂದುಳಿಯುವುದು ಅದರ ಮುಂದಿನದು. ನೂರು ಮೀಟರ್ ನಡೆದು ನಿಲ್ಲಬೇಕಾದರೆ ಇನ್ನೂ ಮುಂದಿನದು. ಸೀರೆ ಉಡುವುದರೊಳಗೇ ಉಸಿರು ಕಟ್ಟಿದರೆ ಅದು ಕಡೆಯ ಹಂತ. ಹೋದ ವರ್ಷ ಅಂಗಳ ಗುಡಿಸಿದ ಅಜ್ಜಿ ಈ ವರ್ಷ ಹಿತ್ತಿಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕುಳಿತರೆ, ಅದನ್ನು ಮೊದಲು ಕಾಣುವವಳು ಸೊಸೆಯೇ ಹೊರತು ವೈದ್ಯರಲ್ಲ.

ನಡಿಗೆಯ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸತಕ್ಕದ್ದು. 350 ಮೀಟರ್ ನಡೆದವರಿಗೆ ಅಂಕವಿಲ್ಲ. 150 ಮುಟ್ಟದವರಿಗೆ 3. ಇನ್ನು ತೂಕ. “ತೆಳ್ಳಗಾದರು, ಒಳ್ಳೆಯದೇ ಆಯಿತು” ಎಂದು ಸಂತೋಷಪಡುವಂತಿಲ್ಲ. ಈ ರೋಗದಲ್ಲಿ ಕೃಶವಾಗುವುದು ಕೆಟ್ಟ ಸೂಚನೆ. ವರ್ಷದಲ್ಲಿ ಎರಡು ಸಲ ರೋಗ ಉಲ್ಬಣಿಸಿದ್ದರೆ, ಅಥವಾ ಅದಕ್ಕಾಗಿ ಒಮ್ಮೆ ಆಸ್ಪತ್ರೆ ಸೇರಿದ್ದರೆ, ಮತ್ತೆ ಉಲ್ಬಣಿಸುವ ಸಂಭವ ಹೆಚ್ಚು.

ಸುಮ್ಮನೆ ಕುಳಿತಾಗಲೂ ಬೆರಳಿಗೆ ಹಾಕುವ ಆಕ್ಸಿಮೀಟರ್ 88 ಅಥವಾ ಅದಕ್ಕಿಂತ ಕಡಿಮೆ ತೋರಿಸುತ್ತಿದ್ದರೆ ತಡಮಾಡಬಾರದು. ರಕ್ತದ ಆಮ್ಲಜನಕ ಬಹಳ ಕುಗ್ಗಿದವರಿಗೆ ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಕೊಟ್ಟರೆ ಆಯುಸ್ಸು ವೃದ್ಧಿಸುವುದೆಂದು 1980–81ರಲ್ಲಿಯೇ ಸಿದ್ಧವಾಗಿದೆ. ಅಂಥ ಮನೆಯಲ್ಲಿ ಅದರ ಹತ್ತಿರ ಬೀಡಿ, ದೀಪ, ಊದುಬತ್ತಿ ಸಲ್ಲದು.

ಹಾಸನದ ಆಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿಗಳ ಜೊತೆಗೆ ಆರು ತಿಂಗಳ ಹಿಂದಿನ ತೂಕ, ಉಲ್ಬಣಿಸಿದ ತಿಂಗಳುಗಳು, ನಿಲ್ಲದೆ ನಡೆಯಬಲ್ಲ ದೂರ ಇವನ್ನು ಬರೆದುಕೊಂಡು ಹೋಗಿರಿ. ವೈದ್ಯರು ಬೀಡಿಯ ವಿಚಾರವನ್ನಷ್ಟೇ ಕೇಳಿದರೆ, ಒಲೆಯ ಮುಂದೆ ಕಳೆದ ವರ್ಷಗಳ ಲೆಕ್ಕವನ್ನೂ ನೀವಾಗಿಯೇ ಹೇಳಿರಿ.