ಹೇಳಿ ಮಾಡಿಸಿದ ಮಂದ್ರ

"ಹೇಳಿ ಮಾಡಿಸಿದ ಹಾಗಿದೆ" ಎಂಬ ಮಾತನ್ನು ನಾವು ಬಲು ಸುಲಭವಾಗಿ ಆಡಿಬಿಡುತ್ತೇವೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕಿದ ಅಂಗಿ ಮೈಗೆ ಸರಿಹೋದರೆ ಈ ಮಾತು. ಮದುವೆಮನೆಯಲ್ಲಿ ವಧೂವರರ ಜೋಡಿ ಕಣ್ಣಿಗೆ ಒಪ್ಪಿದರೂ ಇದೇ ಮಾತು. ಆದರೆ ನಿಜವಾಗಿ ಹೇಳಿ ಮಾಡಿಸಿದ ಪದಾರ್ಥಗಳು ನಮ್ಮ ಮನೆಗಳಲ್ಲಿ ಎಷ್ಟು ಉಳಿದಿವೆ, ನೀವೇ ಎಣಿಸಿ ನೋಡಿ. ದರ್ಜಿಗೆ ಅಳತೆ ಕೊಡುವುದೂ ಅಪರೂಪವಾಗುತ್ತಿರುವ ಕಾಲವಿದು. ಇಂಥ ಕಾಲದಲ್ಲಿಯೂ, ವಾದ್ಯ ಮಾಡುವವನ ಎದುರು ಕುಳಿತು, ತನ್ನ ಅಂಗೈಯ ಅಳತೆ ಕೊಟ್ಟು, ಮರವನ್ನು ತಾನೇ ಆರಿಸಿ, ತಿಂಗಳುಗಟ್ಟಲೆ ಕಾದು ವಾದ್ಯವನ್ನು ಮಾಡಿಸಿಕೊಳ್ಳುವ ಜನರಿದ್ದಾರೆ. ವಿದ್ಯುತ್ ಬೇಸ್ ಗಿಟಾರನ್ನು ನುಡಿಸುವವರ ವಿಷಯವಾಗಿ ನಾನು ಈ ಮಾತು ಹೇಳುತ್ತಿದ್ದೇನೆ.

ಈ ವಾದ್ಯವನ್ನು ನಾನು ಹತ್ತಿರದಿಂದ ಕಂಡದ್ದು ಹಳೆಯ ವಿದ್ಯಾರ್ಥಿಯೊಬ್ಬನ ದೆಸೆಯಿಂದ. ಕನ್ನಡ ವ್ಯಾಕರಣದ ತರಗತಿಯಲ್ಲಿ ಬೆಂಚಿನ ಮೇಲೆ ತಾಳ ಹಾಕಿ ನನ್ನಿಂದ ಬೈಸಿಕೊಳ್ಳುತ್ತಿದ್ದ ಹುಡುಗ ಅವನು. ದೀಪಾವಳಿಯ ರಜೆಗೆ ಊರಿಗೆ ಬಂದವನು ಉದ್ದನೆಯ ಪೆಟ್ಟಿಗೆಯೊಂದನ್ನು ತಂದು ನಡುಮನೆಯಲ್ಲಿ ಬಿಚ್ಚಿದ. "ತೊಡೆಯ ಮೇಲೆ ಇಟ್ಟುಕೊಳ್ಳಿ ಮೇಷ್ಟ್ರೇ" ಎಂದ. ಮರುಕ್ಷಣವೇ "ಸ್ವಲ್ಪ ಜೋಪಾನ" ಎಂದೂ ಸೇರಿಸಿದ. ಹೆಚ್ಚುಕಡಮೆ ನಾಲ್ಕು ಕಿಲೋ ತೂಕದ ಗಟ್ಟಿ ಹಲಗೆ. ವೀಣೆಯ ಹಾಗೆ ಕೊಡವಿಲ್ಲ, ಪಿಟೀಲಿನ ಹಾಗೆ ಪೊಳ್ಳು ಒಡಲಿಲ್ಲ. ತಂತಿ ಮೀಟಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಇದಕ್ಕಾಗಿ ಈ ಹುಡುಗ ಎರಡು ವರ್ಷ ಹಣ ಕೂಡಿಹಾಕಿದನೇ ಎಂದು ನನಗೆ ಮರುಕವೇ ಆಯಿತು. ನನ್ನ ಮೊಮ್ಮಗಳು ಹತ್ತಿರ ಬಂದರೆ ಅವನು ನಗುತ್ತಲೇ ವಾದ್ಯವನ್ನು ಆ ಕಡೆಗೆ ಸರಿಸುತ್ತಿದ್ದ. ಒಂದು ಹಲಗೆಯ ಮೇಲೆ ಇಷ್ಟು ಮಮತೆ ಏಕೆ? ಆ ಪ್ರಶ್ನೆಯ ಬೆನ್ನುಹತ್ತಿ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಈ ಕಥೆಯ ಮೊದಲಲ್ಲಿಯೇ ರೇಡಿಯೋ ರಿಪೇರಿಯ ಅಂಗಡಿಯೊಂದು ಬರುತ್ತದೆ. ರೇಡಿಯೋ ಇಟ್ಟುಕೊಂಡಿರುವ ನಮಗೆ ಇದು ಸಂತೋಷದ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಫುಲ್ಲರ್ಟನ್ ಎಂಬ ಊರಿನಲ್ಲಿ 1938ನೆಯ ಇಸವಿಯಲ್ಲಿ ಆ ಅಂಗಡಿಯನ್ನು ತೆರೆದವನು ಲಿಯೋ ಫೆಂಡರ್. ಓದಿದ್ದು ಲೆಕ್ಕಪತ್ರದ ವಿದ್ಯೆ, ಕೈಹಿಡಿದದ್ದು ರೇಡಿಯೋ. ಗಿಟಾರು ನುಡಿಸಲು ಆತನಿಗೆ ಕೊನೆಯವರೆಗೂ ಬರಲಿಲ್ಲ. ಆದರೆ ವಾದ್ಯಗಾರರು ತಮ್ಮ ಕಷ್ಟವನ್ನು ಹೇಳಿಕೊಂಡರೆ ಕಿವಿಗೊಟ್ಟು ಕೇಳುವ ಗುಣವಿತ್ತು. ಆ ದಿನಗಳಲ್ಲಿ ಪಾಶ್ಚಾತ್ಯ ಮೇಳಗಳಲ್ಲಿ ಮಂದ್ರಸ್ವರಕ್ಕೆ ಇದ್ದದ್ದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಅದನ್ನು ಮೋಟಾರಿನಲ್ಲಿ ಹೇರಿಕೊಂಡು ಊರೂರು ತಿರುಗುವುದು ಒಂದು ಪಾಡು. ತುತ್ತೂರಿ ನಗಾರಿಗಳ ನಡುವೆ ಅದರ ದನಿ ಯಾರಿಗೂ ಕೇಳಿಸದೆ ಹೋಗುವುದು ಇನ್ನೊಂದು ಪಾಡು. ಮೆಟ್ಟಲುಗಳಿಲ್ಲದ ವಾದ್ಯವಾದ್ದರಿಂದ ಬೆರಳು ಕೂದಲೆಳೆಯಷ್ಟು ಜರುಗಿದರೂ ಅಪಸ್ವರ.

1951ರಲ್ಲಿ ಫೆಂಡರ್ ಇದಕ್ಕೆ ಪರಿಹಾರವನ್ನು ಹೊರತಂದ. ಗಟ್ಟಿ ಮರದ ಒಡಲು, ನಾಲ್ಕು ತಂತಿ, ದಂಡಿಯ ಮೇಲೆ ವೀಣೆಗೆ ಇರುವಂತೆ ಸ್ಥಿರವಾದ ಮೆಟ್ಟಲುಗಳು. ಮೆಟ್ಟಲಿದ್ದರೆ ಸ್ವರ ತಪ್ಪದು, ಕರಾರುವಾಕ್ಕಾಗಿರುತ್ತದೆ ಎಂಬ ಅಭಿಪ್ರಾಯದಿಂದಲೇ ಅದಕ್ಕೆ 'ಪ್ರಿಸಿಷನ್ ಬೇಸ್' ಎಂದು ಹೆಸರಿಟ್ಟ. 1930ರ ದಶಕದಲ್ಲಿಯೇ ಸಿಯಾಟಲ್ ನಗರದ ಪಾಲ್ ಟಟ್ಮಾರ್ಕ್ ಇಂಥದೊಂದು ವಾದ್ಯವನ್ನು ಮಾಡಿದ್ದನಾದರೂ ಅದು ಹೆಚ್ಚು ಬಳಕೆಗೆ ಬರಲಿಲ್ಲ. ಫೆಂಡರನ ಬೇಸ್ ಲೋಕವೆಲ್ಲ ಹಬ್ಬಿತು.

ಸೊಳ್ಳೆಯ ಸದ್ದು ಗುಡುಗಾಗುವುದು ಹೇಗೆ? ತಂತಿಯ ಕೆಳಗೆ ಅಯಸ್ಕಾಂತಗಳಿವೆ. ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಮೇಲಿನ ಉಕ್ಕಿನ ತಂತಿ ನಡುಗಿದಾಗ ಅಯಸ್ಕಾಂತದ ಕ್ಷೇತ್ರವೂ ಅದೇ ಲಯದಲ್ಲಿ ಅಲುಗಿ, ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಇಲ್ಲಿಂದ ಮುಂದಿನದೆಲ್ಲ ನಿಮ್ಮ ರೇಡಿಯೋದ ಒಳಗೂ ನಡೆಯುವ ವ್ಯಾಪಾರವೇ.

ರೇಡಿಯೋದ ಮಾತು ಬಂದದ್ದರಿಂದ ಒಂದು ಸೋಜಿಗವನ್ನು ಹೇಳಬೇಕು. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಿಕ್ಕ ಮೂರು 55, 73, 98. ಒಂದೂವರೆ ಶ್ರುತಿಗೆ ಕೂಡಿಸಿದ ಗಂಡಸರ ತಂಬೂರಿಯ ಮಂದ್ರ ಷಡ್ಜವೇ ಸುಮಾರು 69 ಎಂದರೆ, ಈ ದಪ್ಪ ತಂತಿಯ ಆಳ ನಿಮಗೆ ಅರಿವಾದೀತು. ಅಂಗೈಯಗಲದ ಸ್ಪೀಕರುಳ್ಳ ರೇಡಿಯೋ ಇಷ್ಟು ಕೆಳಗಿನ ಕಂಪನವನ್ನು ಹೊರಡಿಸಲಾರದು. ಆದರೂ ನಮಗೆ ಆ ಸ್ವರ ಕೇಳಿಸುತ್ತದೆ! ಸ್ಪೀಕರಿನಿಂದ ಬರುವುದು ಅದರ ಇಮ್ಮಡಿ ಮುಮ್ಮಡಿಗಳಾದ 82, 123 ಮೊದಲಾದ ಮೇಲಿನ ಕಂಪನಗಳು; ಅವುಗಳ ಸಂಬಂಧವನ್ನು ಹಿಡಿದು ಬುಡದ ಸ್ವರವನ್ನು ನಮ್ಮ ಕಿವಿಯೂ ಮಿದುಳೂ ತಾವಾಗಿ ತುಂಬಿಕೊಳ್ಳುತ್ತವೆ. 'ಊರಲ್ಲಿ' ಎಂಬಲ್ಲಿ ಉಕಾರ ಲೋಪವಾಗಿದ್ದರೂ 'ಊರು' ನಮಗೆ ತಿಳಿಯುವುದಿಲ್ಲವೇ? ಇದು ಶ್ರವಣದ ಲೋಪಸಂಧಿ ಎನ್ನೋಣ.

ಇನ್ನು ಹೇಳಿ ಮಾಡಿಸುವ ಮಾತು. ಕುದುರೆಯಿಂದ ದಂಡಿಯ ತುದಿಯವರೆಗೆ ಮಿಡಿಯುವ ತಂತಿಯ ಉದ್ದವನ್ನು ಫೆಂಡರ್ 34 ಅಂಗುಲ ಎಂದು ಗೊತ್ತುಮಾಡಿದ. ಇಂದಿಗೂ ಅದೇ ಸಾಮಾನ್ಯ ಅಳತೆ. ಈ ಉದ್ದದಲ್ಲಿ ಮೊದಲ ಮೆಟ್ಟಲಿನ ಮನೆ ಸುಮಾರು 1.9 ಅಂಗುಲ ಅಗಲವಿರುತ್ತದೆ. ಮೊದಲ ನಾಲ್ಕು ಮೆಟ್ಟಲುಗಳಿಗೆ ನಾಲ್ಕು ಬೆರಳು ಎಂದು ಎಡಗೈಯನ್ನು ಹರಡಬೇಕಾದರೆ ಐದು ಅಂಗುಲದಷ್ಟು ಚಾಚಬೇಕು. ಗಿಡ್ಡ ಬೆರಳಿನವರಿಗೆ ಇದು ಶಿಕ್ಷೆ. ತಂತಿಯ ಉದ್ದವನ್ನು 30 ಅಂಗುಲಕ್ಕೆ ಇಳಿಸಿದರೆ ಆ ಮನೆ 1.7 ಅಂಗುಲಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದು ಅಲ್ಪ ವ್ಯತ್ಯಾಸ; ಮಣಿಕಟ್ಟು ನೋಯುವವನಿಗೆ ಅದೇ ನುಡಿಸುವುದಕ್ಕೂ ಬಿಡುವುದಕ್ಕೂ ಇರುವ ವ್ಯತ್ಯಾಸ. ನನ್ನ ವಿದ್ಯಾರ್ಥಿ ಮಾಡಿಸಿಕೊಂಡದ್ದು ಇಂಥ 30 ಅಂಗುಲದ ವಾದ್ಯ. ಅದಕ್ಕೆ ಮೊದಲು ರಾತ್ರಿಯೆಲ್ಲ ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದನಂತೆ. ಇದನ್ನು ಕೇಳಿದ ಮೇಲೆ ನನ್ನ ಮರುಕ ಮಾಯವಾಯಿತು.

ಹೀಗೆ ಆಳಿಗೊಂದು ವಾದ್ಯ ಮಾಡುವ ಕಸಬನ್ನು ದೊಡ್ಡ ಕಲೆಯಾಗಿ ಬೆಳೆಸಿದವರಲ್ಲಿ ಕ್ಯಾಲಿಫೋರ್ನಿಯಾದ ಅಲೆಂಬಿಕ್ ಸಂಸ್ಥೆಯವರು ಮೊದಲಿಗರು. ಅಲೆಂಬಿಕ್ ಎಂದರೆ ರಸವಾದಿಗಳು ಬಟ್ಟಿ ಇಳಿಸುತ್ತಿದ್ದ ಪಾತ್ರೆ. ಹೆಸರಿಟ್ಟವರ ರಸಿಕತೆಗೆ ತಲೆದೂಗಬೇಕು. ಅಲ್ಲಿನ ರಾನ್ ವಿಕರ್‌ಶ್ಯಾಮ್ ಎಲೆಕ್ಟ್ರಾನಿಕ್ ವಿದ್ಯೆಯಲ್ಲಿ ಪಳಗಿದವನು, ರಿಕ್ ಟರ್ನರ್ ಮರಗೆಲಸದಲ್ಲಿ. 1972ರಲ್ಲಿ ಅವರು ಜ್ಯಾಕ್ ಕ್ಯಾಸಡಿ ಎಂಬ ವಾದಕನಿಗಾಗಿ ಮಾಡಿದ ಬೇಸ್ ಆ ಸಂಸ್ಥೆಯ ಮೊದಲ ವಾದ್ಯವೆಂದು ಲೆಕ್ಕ. ದಂಡಿಯನ್ನು ಬೇರೆ ಮಾಡಿ ಒಡಲಿಗೆ ಸ್ಕ್ರೂ ಹಾಕಿ ಬಿಗಿಯುವ ಬದಲು, ಹಲವು ಮರದ ಪಟ್ಟಿಗಳನ್ನು ಅಂಟಿಸಿದ ಒಂದೇ ದಂಡಿಯನ್ನು ತುದಿಯಿಂದ ಬುಡದವರೆಗೆ ಹಾಯಿಸಿ, ಅದರ ಎರಡು ಪಕ್ಕಕ್ಕೆ ಒಡಲಿನ ಮರವನ್ನು ಕೂಡಿಸುವುದು ಅವರ ಪದ್ಧತಿ. ಪಿಕಪ್ಪಿನ ಸಣ್ಣ ವಿದ್ಯುತ್ತು ಉದ್ದ ತಂತಿಯಲ್ಲಿ ಸಾಗುವಾಗ ಸೊರಗದಂತೆ ಅದನ್ನು ವಾದ್ಯದೊಳಗೇ ಬಲಪಡಿಸುವ ಉಪಕರಣವನ್ನೂ ಇಟ್ಟರು.

ಹಟ ಹಿಡಿದು ಮಾಡಿಸಿದವರಲ್ಲಿ ಆಂಟನಿ ಜ್ಯಾಕ್ಸನ್ನನನ್ನು ಮರೆಯಲಾಗದು. ಬೇಸ್ ಗಿಟಾರು ಗಿಟಾರಿನ ಕುಲಕ್ಕೆ ಸೇರಿದ್ದು. ಗಿಟಾರಿಗೆ ಆರು ತಂತಿಯಿರುವಾಗ ಇದಕ್ಕೆ ಮಾತ್ರ ನಾಲ್ಕೇಕೆ? ಡಬಲ್ ಬೇಸಿಗೆ ನಾಲ್ಕಿತ್ತು ಎಂಬುದರ ಹೊರತು ಕಾರಣವಿಲ್ಲ ಎಂದು ಆತನ ವಾದ. ನ್ಯೂಯಾರ್ಕಿನ ಕಾರ್ಲ್ ಥಾಮ್ಸನ್ 1975ರಲ್ಲಿ ಆತನಿಗೆ ಆರು ತಂತಿಯ ವಾದ್ಯವನ್ನು ಮಾಡಿಕೊಟ್ಟ. ಕೆಳಗೊಂದು ತಂತಿ, ಮೇಲೊಂದು ತಂತಿ. ಕೆಳಗಿನದರ ಕಂಪನ ಸೆಕೆಂಡಿಗೆ ಸುಮಾರು 31. ಆದರೆ ತಂತಿಗಳು ಒಂದಕ್ಕೊಂದು ಇಕ್ಕಟ್ಟಾದವು, ಬೆರಳಿಗೆ ಎಡೆ ಸಾಲಲಿಲ್ಲ. ಮತ್ತೆ ಮಾಡಿಸಿದ, ಮತ್ತೆಯೂ ಮಾಡಿಸಿದ. ಬ್ರೂಕ್ಲಿನ್ನಿನ ಫೊಡೇರಾ ಕಾರ್ಖಾನೆಯವರ ಕೈಯಲ್ಲಿ ಅದು ಆತನ ಮನಸ್ಸಿಗೆ ಬಂದ ರೂಪವನ್ನು ತಾಳುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿದ್ದವು. ಇಂದು ಆರು ತಂತಿಯ ಬೇಸ್ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ.

ಇಂಥ ವಾದ್ಯಗಳ ಬೆಲೆ ಸಾವಿರಾರು ಡಾಲರು. ಇವನ್ನು ಕೊಂಡು ಗೋಡೆಗೆ ತೂಗುಹಾಕಿ ನೆಂಟರಿಗೆ ತೋರಿಸುವ ಶೋಕಿಗಾರರೂ ಇಲ್ಲದಿಲ್ಲ. ಮರದ ಮೇಲಿನ ಅಲೆಯಲೆಯಾದ ಗೆರೆಗಳಿಗಾಗಿ ಹೆಚ್ಚು ಹಣ ತೆರುವುದು ಕಣ್ಣಿನ ಸುಖಕ್ಕೆ. ಕಿವಿಯ ಸುಖಕ್ಕೆಂದು ನನಗೆ ತೋರುವುದಿಲ್ಲ. ಪೊಳ್ಳು ಒಡಲಿಲ್ಲದ ವಾದ್ಯದಲ್ಲಿ ನಾದದ ಬಹುಭಾಗ ತಂತಿ, ಪಿಕಪ್, ಬೆರಳು ಇವುಗಳದ್ದೇ. ಒಡಲಿನ ಮರ ನಾದವನ್ನು ಎಷ್ಟು ಬದಲಿಸುತ್ತದೆ ಎಂಬ ಬಗ್ಗೆ ವಾದಕರಲ್ಲಿ ಮುಗಿಯದ ಜಗಳವಿದೆ.

ಮರವೆಂದ ಮೇಲೆ ನಮ್ಮ ಬೀಟೆಯನ್ನು ಬಿಡುವುದುಂಟೇ? ಎಡಗೈ ಬೆರಳು ಓಡಾಡುವ ಮೇಲ್ಪಟ್ಟಿಗೆ ಹಿಂದೆ ಬ್ರೆಜಿಲ್ ದೇಶದ ರೋಸ್‌ವುಡ್ ಪ್ರಶಸ್ತವಾಗಿತ್ತು. ಅದು ವಿರಳವಾದಂತೆ ಭಾರತದ ರೋಸ್‌ವುಡ್, ಎಂದರೆ ಪಶ್ಚಿಮ ಘಟ್ಟದ ನಮ್ಮ ಬೀಟೆ, ಆ ಜಾಗಕ್ಕೆ ಬಂತು. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟಾಗ, ತಮ್ಮ ವಾದ್ಯವನ್ನು ಗಡಿ ದಾಟಿಸುವುದು ಹೇಗೆಂದು ವಾದಕರು ಕಳವಳಗೊಂಡರು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕೊಡಗು ಮಲೆನಾಡುಗಳ ಕಡೆ ಹಳೆಯ ಮನೆಗಳಲ್ಲಿ ಬೀಟೆಯ ಮಂಚವನ್ನು ಕಂಡವರು, ಅದೇ ಮರ ದೂರದೇಶದ ಮಂದ್ರಸ್ವರಕ್ಕೆ ಹಾಸಾಗಿದೆಯೆಂದು ಇನ್ನು ಮುಂದೆ ನೆನೆಯಬಹುದು.

ಹೇಳಿ ಮಾಡಿಸದೆ, ಕಾರ್ಖಾನೆಯಿಂದ ಬಂದ ವಾದ್ಯವನ್ನೇ ತನ್ನದಾಗಿ ಮಾಡಿಕೊಂಡವರೂ ಇದ್ದಾರೆ. ಮೊದಲ ಪ್ರಿಸಿಷನ್ ಬೇಸ್ ಬಂದ 1951ರಲ್ಲಿಯೇ ಹುಟ್ಟಿದ ಜಾಕೊ ಪಾಸ್ಟೋರಿಯಸ್ ಅಂಥವನು. ಆತನ ಕೈಯಲ್ಲಿದ್ದುದು ಫೆಂಡರ್ ಸಂಸ್ಥೆಯ 1962ರ 'ಜಾಸ್ ಬೇಸ್'. ಮೆಟ್ಟಲುಗಳನ್ನು ಕಿತ್ತುಹಾಕಿದ ಆ ದಂಡಿಯ ಸೀಳುಗಳಿಗೆ ಮರದ ಮೆತ್ತೆ ತುಂಬಿ, ಅದರ ಮೇಲೆ ದೋಣಿಗಳಿಗೆ ಬಳಿಯುವ ಗಟ್ಟಿ ಲೇಪವನ್ನು ಬಳಿದಿತ್ತು. ಫೆಂಡರ್ ಯಾವುದನ್ನು ಗುಣವೆಂದು ಇಟ್ಟನೋ ಅದೇ ಈತನ ವಾದ್ಯದಲ್ಲಿಲ್ಲ! ಮೆಟ್ಟಲು ಹೋದ ಮೇಲೆ ಸ್ವರದಿಂದ ಸ್ವರಕ್ಕೆ ಜಾರಬಹುದು. ಗೋಟುವಾದ್ಯವನ್ನು ಕೇಳಿದ ನಮ್ಮ ಕಿವಿಗೆ ಈ ಸುಖ ಹೊಸದಲ್ಲ. 1976ರಲ್ಲಿ ಆತ ಸೇರಿದ ಮೇಳದ ಹೆಸರು 'ವೆದರ್ ರಿಪೋರ್ಟ್'. ಆಕಾಶವಾಣಿಯ ಹವಾಮಾನ ವರದಿಯೆಂದು ತಿಳಿಯಬೇಡಿ. ಬಾಳಿನ ಕೊನೆಯ ವರ್ಷಗಳಲ್ಲಿ ಮನೋರೋಗ ಆತನನ್ನು ಹಣ್ಣುಮಾಡಿತು. ತನ್ನ ಪ್ರಿಯವಾದ್ಯವನ್ನು ತಾನೇ ಚೂರುಚೂರು ಮಾಡಿದ. ಬಲ್ಲವರು ಅದನ್ನು ಕೂಡಿಸಿ ಅಂಟಿಸಿಕೊಟ್ಟರು. 1986ರಲ್ಲಿ ನ್ಯೂಯಾರ್ಕಿನಲ್ಲಿ ಅದು ಕಳುವಾಯಿತು. ಮರುವರ್ಷ, ಮೂವತ್ತೈದರ ವಯಸ್ಸಿನಲ್ಲಿ, ಆತ ತೀರಿಕೊಂಡ. ಇಪ್ಪತ್ತು ವರ್ಷಗಳಷ್ಟು ಕಾಲದ ಮೇಲೆ ವಾದ್ಯ ಅದೇ ನಗರದಲ್ಲಿ ಕಾಣಿಸಿಕೊಂಡಿತು. 2010ರಲ್ಲಿ ರಾಬರ್ಟ್ ಟ್ರುಹಿಯೋ ಎಂಬ ಮತ್ತೊಬ್ಬ ಬೇಸ್ ವಾದಕ ಕೈಯಿಂದ ಹಣ ಹಾಕಿ, ಅದು ಜಾಕೊನ ಮನೆಯವರಿಗೆ ಮರಳಲು ನೆರವಾದ.

ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿಯವರದು ಇನ್ನೂ ದೀರ್ಘವಾದ ಅಗಲಿಕೆ. ಅವರು ಎಡಚರು. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಸುಮಾರು 30 ಪೌಂಡಿಗೆ, ಪಿಟೀಲಿನ ಆಕಾರದ ಹಾಫ್ನರ್ ಬೇಸೊಂದನ್ನು ಕೊಂಡರು. ಎರಡು ಪಕ್ಕವೂ ಒಂದೇ ಸಮನಾಗಿದ್ದುದರಿಂದ ಎಡಗೈಗೆ ತಿರುಗಿಸಿ ಹಿಡಿದರೂ ಅದು ವಿಕಾರವಾಗಿ ಕಾಣುತ್ತಿರಲಿಲ್ಲ. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನೊಳಗಿಂದ ಯಾರೋ ಅದನ್ನು ಕದ್ದರು. ಆ ವೇಳೆಗೆ ಅವರು ಎಷ್ಟು ಬೇಸುಗಳನ್ನು ಬೇಕಾದರೂ ಕೊಳ್ಳಬಲ್ಲ ಧನಿಕರು. ಆದರೂ ಹುಡುಕಾಟ ನಿಲ್ಲಲಿಲ್ಲ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಒಂದು ಮನೆಯ ಅಟ್ಟದ ಮೇಲೆ ಅದು ಸಿಕ್ಕಿ, ಮಾಲಿಕರ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಐವತ್ತೊಂದು ವರ್ಷ! ನಮ್ಮ ಅಟ್ಟಗಳ ಮೇಲೆ ಏನೇನಿದೆಯೋ ನೋಡಿದವರಾರು.

ಜೇಮ್ಸ್ ಜೇಮರ್ಸನ್ನನಿಗೆ ಆ ಭಾಗ್ಯವಿರಲಿಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳಲ್ಲಿ 1960ರ ದಶಕದುದ್ದಕ್ಕೂ ಮಂದ್ರವನ್ನು ನುಡಿಸಿದವರಲ್ಲಿ ಮುಖ್ಯನೀತ. ಹಾಡುಗಳು ಲೋಕಪ್ರಸಿದ್ಧವಾದವು, ಹಾಡಿದವರ ಹೆಸರು ಮನೆಮಾತಾಯಿತು, ವಾದ್ಯಗಾರರ ಹೆಸರನ್ನು ಆ ತಟ್ಟೆಗಳ ಹೊದಿಕೆಯ ಮೇಲೆ ಅಚ್ಚುಮಾಡುವ ರೂಢಿಯೇ ಇರಲಿಲ್ಲ. ಈತನ ಹೆಸರು ಕಾಣಿಸಿದ್ದು 1971ರಲ್ಲಿ. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ. ಹರಿದುಹೋದ ಹೊರತು ತಂತಿಯನ್ನು ಬದಲಿಸುತ್ತಿರಲಿಲ್ಲ. ಹಳೆಯ ತಂತಿಯ ಮಬ್ಬಾದ, ತುಂಬಿದ ದನಿಯೇ ಆತನಿಗೆ ಬೇಕಾಗಿದ್ದುದು. ಹೊಸ ತಂತಿ ಹಾಕಿದ ಹೊಸ ಬೇಸನ್ನು ಆತನ ಕೈಗಿತ್ತಿದ್ದರೆ ಏನನ್ನುತ್ತಿದ್ದನೋ. ಆತನ 1962ರ ಪ್ರಿಸಿಷನ್ ಬೇಸ್ ಕಳುವಾದದ್ದು 1983ರಲ್ಲಿ, ಆತ ಸಾಯುವುದಕ್ಕೆ ಸ್ವಲ್ಪವೇ ಮುಂಚೆ. ಆಗ ಆತನಿಗೆ ವಯಸ್ಸು ನಲವತ್ತೇಳು. ಆ ವಾದ್ಯ ಇದುವರೆಗೂ ಸಿಕ್ಕಿಲ್ಲ. ದಂಡಿ ಒಡಲನ್ನು ಕೂಡುವ ಬುಡದಲ್ಲಿ 'ಫಂಕ್' ಎಂಬ ಪದವನ್ನು ಆತ ತನ್ನ ಕೈಯಾರೆ ಬರೆದಿದ್ದ; ಗುರುತು ಹಿಡಿಯಲು ಅಷ್ಟು ಸಾಕು.