ಒಂದು ಪರಮಾಣುವಿನ ಅಂತರ

ವಿದ್ಯಾರ್ಥಿಗಳೇ, ಇದ್ದಿಲನ್ನು ಶುದ್ಧ ಇಂಗಾಲವೆಂದೇ ಎಣಿಸೋಣ. ಬೂದಿಯ ಮಾತು ಈಗ ಬೇಡ. ಅದು ಯಥೇಚ್ಛವಾದ ಗಾಳಿಯಲ್ಲಿ ಉರಿದಾಗ ಇಂಗಾಲದ ಒಂದು ಪರಮಾಣುವು ಆಮ್ಲಜನಕದ ಎರಡು ಪರಮಾಣುಗಳೊಡನೆ ಕೂಡಿ ಒಂದು ಅಣುವಾಗುವುದು. ಇದನ್ನೇ ರಸಾಯನಜ್ಞರು ‘ಸಿಓ೨’ ಎಂಬ ಸೂತ್ರದಿಂದ ಸೂಚಿಸುವರು. ಸೋಡಾ ಸೀಸೆಯನ್ನು ತೆರೆದೊಡನೆ ಬುರುಗೆಬ್ಬಿಸುವ ಅನಿಲವಿದು. ಗಾಳಿ ಸಾಲದಾದರೋ, ಆಮ್ಲಜನಕದ ಒಂದೇ ಪರಮಾಣು ದೊರೆತು ‘ಸಿಓ’ ಎಂಬ ಬೇರೊಂದು ಸಂಯುಕ್ತವು ಹುಟ್ಟುವುದು. ಸೂತ್ರದಲ್ಲಿ ಅಳಿದುದು ಒಂದು ಚಿಕ್ಕ ಅಂಕೆ. ಉಂಟಾದುದು ಘೋರವಾದ ವಿಷ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಕೆಂಪು ದ್ರವ್ಯವು ಆಮ್ಲಜನಕಕ್ಕಿಂತಲೂ ೨೦೦ ಮಡಿಗೆ ಮಿಗಿಲಾಗಿ ಇದನ್ನು ಹಿಡಿದುಕೊಳ್ಳುವುದರಿಂದ ನಿದ್ರಿಸುತ್ತಿರುವವರು ಏಳದೆಯೇ ಹೋಗಬಹುದು. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಕಿಟಕಿಬಾಗಿಲುಗಳನ್ನು ಭದ್ರಪಡಿಸುವ ಮನೆಗಳನ್ನು ನಾವು ಕಂಡಿದ್ದೇವೆ. ನಿಮ್ಮ ಮನೆಯಲ್ಲಿಯೂ ಹಾಗಿದ್ದರೆ, ಹಿರಿಯರಿಗೆ ಹೇಳಿ ಇಂದೇ ಕೆಂಡವನ್ನು ಹೊರಕ್ಕೆ ಸಾಗಿಸಿ, ಕಿಟಕಿಯನ್ನು ತೆರೆಯಿಸಿರಿ.